ನೌಕರಿ ಸತ್ತ ಮನೆ

ಬಾಜು ಮನೆಯ ಮಲ್ಲಕ್ಕ ಬಂದು ಅರ್ಧ ತಾಸು ಕೂತಳು. ಹೋಗುವಾಗ 'ಬರ್ತೀನಿ' ಎನ್ನದೆ ಸುಮ್ಮನೆ ಎದ್ದು ಹೋದಳು. ನನಗೆ ಅನುಮಾನ ಬಂದದ್ದು ಆಗಲೇ. ನಮ್ಮ ಬಮ್ಮಿಗಟ್ಟಿಯಲ್ಲಿ ಹಾಗೆ ಎದ್ದು ಹೋಗುವುದು ಸಾವಾದ ಮನೆಯಿಂದ ಮಾತ್ರ. ಅಲ್ಲಿ 'ಹೋಗಿ ಬರ್ತೀನಿ' ಎಂದರೆ ಮತ್ತೆ ಅಂಥದೇ ಕಾರಣಕ್ಕೆ ಬರಬೇಕಾದೀತು ಎಂಬ ಹೆದರಿಕೆ. ಅವಳು ಕೂತಿದ್ದ ಜಾಗದಲ್ಲಿ ನೋಡಿದರೆ ಬುತ್ತಿ ಗಂಟು. ಬಿಚ್ಚಿದೆ. ಹತ್ತು ರೊಟ್ಟಿ, ಜುಣಕ. ಒಲೆ ಹೊತ್ತಿಸದ ಮನೆಗೆ ನೆರೆಯವರು ತಂದಿಡುವ ಬುತ್ತಿ ಅದು.

ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ನಾನು ನೌಕರಿ ಬಿಟ್ಟಿದ್ದೆ, ಅಷ್ಟೇ.

ಹೆಸರು ಗೌರೀಶ, ವಯಸ್ಸು ಮೂವತ್ತೊಂಬತ್ತು. ಹುಬ್ಬಳ್ಳಿಯ ಒಂದು ಕೀಟನಾಶಕ ಕಂಪನಿಯಲ್ಲಿ ಹದಿನಾಲ್ಕು ವರ್ಷ ಇದ್ದೆ. ಕೊನೆಗೆ ಮೂರು ತಾಲೂಕಿಗೆ ಮ್ಯಾನೇಜರ್ ಆಗಿದ್ದೆ. ಎಂಬತ್ತೈದು ಸಾವಿರ ಪಗಾರ, ಓಡಾಡಲು ಕಂಪನಿ ಕಾರು. ಈಗ ಕಲಘಟಗಿಯಲ್ಲಿ ಅಲ್ಲಾಸಾಬ ಕಾಕಾನ ಅಂಗಡಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತೇನೆ. ತಿಂಗಳು ಚಲೋ ಇದ್ದರೆ ಹದಿನೈದು ಸಾವಿರ ಸಿಗುತ್ತದೆ. ಚಲೋ ಇಲ್ಲದಿದ್ದರೆ ಕಾಕಾನ ಮನೆಯ ಚಹಾ ಸಿಗುತ್ತದೆ.

ಈ ಹುಚ್ಚು ಹತ್ತಿದ್ದು ಐದು ವರ್ಷದ ಹಿಂದೆ. ನಮ್ಮೂರ ಭಜನಾ ಮಂಡಳಿಯ ಪೇಟಿಯ ಒಂದು ಸ್ವರ ಕೆಟ್ಟಿತ್ತು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಕಾರಿದೆಯಲ್ಲ ಎಂದು ಅದನ್ನು ನನಗೇ ಅಂಟಿಸಿದರು. ಕಲಘಟಗಿಯ ಒಂದು ಸಣ್ಣ ಅಂಗಡಿಯಲ್ಲಿ ಮುದುಕ ಅಲ್ಲಾಸಾಬ ಅದರ ಮುಚ್ಚಳ ತೆಗೆದ, ಒಳಗಿನಿಂದ ಒಂದು ತೆಳ್ಳನೆಯ ಹಿತ್ತಾಳೆ ಪಟ್ಟಿ ಎಳೆದ, ಚಾಕುವಿನ ತುದಿಯಿಂದ ಎರಡು ಸಲ ಕೆರೆದು ಮತ್ತೆ ಕೂರಿಸಿದ. ಕೀ ಒತ್ತಿದರೆ ಅಳುತ್ತಿದ್ದ ಸ್ವರ ಸರಿಯಾಗಿ ಕೂತಿತ್ತು. ಒಂದು ಕೂದಲೆಳೆ ಹೆಚ್ಚು ಕೆರೆದಿದ್ದರೆ ಕೆಡುತ್ತಿತ್ತಂತೆ. ಹನ್ನೊಂದಕ್ಕೆ ಹುಬ್ಬಳ್ಳಿಯಲ್ಲಿ ಮೀಟಿಂಗ್ ಇದ್ದವನು ನಾನು ಮಧ್ಯಾಹ್ನದವರೆಗೆ ಅಲ್ಲೇ ಕೂತೆ. ಆಮೇಲೆ ಪ್ರತಿ ಭಾನುವಾರ ಹೋದೆ. ಐದು ವರ್ಷ ಭಾನುವಾರಕ್ಕಾಗಿ ಬದುಕಿದೆ. ಉಳಿದ ಆರು ದಿನ ಔಷಧ ಮಾರಿದೆ.

ಹೆಂಡತಿ ಅಮೃತಾ ಕಲಘಟಗಿಯ ಶಾಲೆಯೊಂದರಲ್ಲಿ ಟೀಚರು. ನೌಕರಿ ಬಿಡುತ್ತೇನೆ ಎಂದಾಗ ಒಂದು ವಾರ ಮಾತಾಡಲಿಲ್ಲ. ಎಂಟನೇ ದಿನ, "ಕಾರಿನ್ಯಾಗ ತಿರಗೂ ಗಂಡ ಮನಿಗೆ ಬಂದ್ರೂ ಬಂದಂಗ ಇರತಿದ್ದಿಲ್ಲ. ಮೋಟಾರಸೈಕಲ್ ಮ್ಯಾಲೆ ತಿರಗೂ ಗಂಡರ ಬರತಾನೋ ನೋಡೂಣು. ಮಗಳ ಸಾಲಿ ಬಿಡಸಬ್ಯಾಡ, ಅಷ್ಟ ಸಾಕು" ಎಂದಳು. ಇಂಥವಳು ಸಿಕ್ಕಿದ್ದು ನನ್ನ ಪುಣ್ಯ, ಅದನ್ನು ಅವಳೆದುರು ಹೇಳಿದರೆ ಸಸಾರ ಆಗುತ್ತೇನೆಂದು ಇಲ್ಲಿ ಹೇಳುತ್ತಿದ್ದೇನೆ.

ಆದರೆ ಊರು! ಒಬ್ಬರಾದ ಮೇಲೆ ಒಬ್ಬರು ಮಾತಾಡಿಸಲು ಬಂದರು. ಬಂದವರು ನೆಲ ನೋಡುತ್ತ ಕೂರುವುದು, ಉಸಿರು ಬಿಡುವುದು. 'ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ' ಎಂದು ಒಬ್ಬ. ಹದಿನಾಲ್ಕು ವರ್ಷ ಉಂಡವನಿಗೆ ಈ ಗಾದೆ ಹೇಗೆ ಹೊಂದುತ್ತದೋ ಅವನೇ ಬಲ್ಲ. 'ಯಾಕ ತಗದ್ರು?' ಎಂದು ಇನ್ನೊಬ್ಬ. ಯಾರೂ ತೆಗೆದಿಲ್ಲ, ನಾನೇ ಬಿಟ್ಟೆ ಎಂದರೆ ಕರುಣೆಯಿಂದ ತಲೆ ಆಡಿಸಿ, 'ಹೌದ ಹೌದ, ಹಂಗ ಹೇಳಬೇಕು' ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಕ್ಕರೆ, ಪಾಪ, ತಲೆಗೆ ಏರಿದೆ ಎಂದುಕೊಂಡಾರೆಂದು ನಗುವುದನ್ನೂ ಬಿಟ್ಟೆ. ಅಪ್ಪ ಮಡಿವಾಳೆಪ್ಪ ಪಡಸಾಲೆಯ ಕಂಬಕ್ಕೆ ಒರಗಿ ತಲೆ ತಗ್ಗಿಸಿ ಕೂತು ಎಲ್ಲರ ಸಾಂತ್ವನವನ್ನು ತಾನೇ ತೆಗೆದುಕೊಳ್ಳುತ್ತಿದ್ದ. ನಾಚಿಕೆಯಾಗಿದೆ ಅವನಿಗೆ ಎಂದು ನಾನು ಸುಮ್ಮನಿದ್ದೆ.

ಶ್ರಾವಣ ಹತ್ತಿರ ಬಂತು. ಆ ತಿಂಗಳು ಹಳ್ಳಿ ಹಳ್ಳಿಯಲ್ಲಿ ದಿನಾ ಭಜನೆ, ಅದಕ್ಕೆ ಮೊದಲೇ ಪೇಟಿಗಳು ರಿಪೇರಿಗೆ ಬರಬೇಕು. ವರ್ಷದ ದುಡಿಮೆಯ ಅರ್ಧ ಆಷಾಢದಲ್ಲೇ. ಕಾಕಾನಿಗೆ ಕಣ್ಣು ಮಂಜು, ಮೊಣಕಾಲು ನೋವು. "ಊರೂರ ತಿರಗಿ ನೀ ತಂದ್ರ ಕೆಲಸ ಐತಿ ಗೌರೀಶಪ್ಪಾ. ಇಲ್ಲಂದ್ರ ಈ ವರ್ಷ ಅಂಗಡಿ ಮುಚ್ಚೂದ" ಎಂದು ಮೊದಲೇ ಹೇಳಿದ್ದ. ಹೊರಟೆ. ಮೊದಲ ಊರಲ್ಲಿ, 'ನಮ್ಮ ಪೇಟಿ ಚಲೋ ಐತಿ' ಎಂದರು. ಎರಡನೆಯದರಲ್ಲಿ, 'ಮುಂದಿನ ವರ್ಷ ನೋಡೂಣು'. ಮೂರನೆಯದು ದುಮ್ಮವಾಡ. ಅಲ್ಲಿಯ ಮಂಡಳಿಯ ಹಿರಿಯ ಉಡಚಪ್ಪ ನೇರ ಮನುಷ್ಯ. ಒಳಗೆ ಕರೆದು ನೀರು ಕೊಟ್ಟು ಹೇಳಿದ:

"ಸಿಟ್ಟಾಗಬ್ಯಾಡ ತಮ್ಮಾ. ಪೇಟಿ ನಾವು ಮಠದ ಅಜ್ಜನ ಗದ್ದಗಿ ಮುಂದ ಇಟ್ಟು ಇಬತ್ತಿ ಹಚ್ಚಿ ಪೂಜಿ ಮಾಡೂದು. ನೀ ಕಂಪನ್ಯಾಗ ಏನೋ ಕೈ ಆಡಿಸಿದಿ, ಅದಕ್ಕ ತಗದ್ರು ಅಂತಾರ. ಅಂಥವನ ಕೈಯಾಗ ಕೊಡಾಕ ಮಂದಿ ಒಲ್ಲೆ ಅನ್ನಾಕತ್ತಾರ."

"ಯಾರ್ರೀ ಹೇಳಿದವರು?"

"ತಗದ್ರು ಅಂತ ನಿಮ್ಮಪ್ಪನ ಹೇಳ್ಯಾನಲ್ಲೋ, ಸಂತ್ಯಾಗ. ಯಾಕ ತಗದ್ರು ಅನ್ನೂದನ್ನ ಮಂದಿ ತಾವ ಕೂಡಿಸಿಕೊಂಡಾರ."

ಮೋಟಾರಸೈಕಲ್ ಹೇಗೆ ಮನೆ ಮುಟ್ಟಿತೋ ಗೊತ್ತಿಲ್ಲ. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಚಪ್ಪಲಿಯನ್ನೂ ಬಿಡದೆ ಎದುರು ನಿಂತೆ.

"ನನ್ನ ತಗದ್ರು ಅಂತ ನೀ ಹೇಳಿದ್ಯಾ?"

ಅಪ್ಪ ಮುಚ್ಚಿಡಲಿಲ್ಲ. "ಹೇಳಿದ್ನಿ. ಬಿಟ್ಟಾನ ಅಂದ್ರ ಮಂದಿ ನಗತಾರ. ತಗದಾರ ಅಂದ್ರ ಅಯ್ಯೋ ಅಂತಾರ. ಎಂಬತ್ತೈದ ಸಾವಿರ ಕಾಲಿಲೆ ಒದ್ದ ಬಂದ ಮಗನ ಅಪ್ಪ ಅಂತ ನಗಿಸ್ಕೊಳ್ಳಾಕ ನನ್ನ ಕಡೆ ಆಗೂದಿಲ್ಲ."

"ಅದಕ್ಕ ನನ್ನ ಕಳ್ಳನ್ನ ಮಾಡಿದ್ಯಾ?"

"ಕಳ್ಳ ಅಂತ ನಾ ಅಂದಿಲ್ಲ."

"ನೀ ಅರ್ಧಾ ಅಂದಿ, ಉಳದ ಅರ್ಧಾ ಊರು ಅಂತು. ಇನ್ನ ಯಾವ ಊರವ್ರು ನನಗ ಪೇಟಿ ಕೊಡ್ತಾರ? ಕಾಕಾ ಅಂಗಡಿ ಮುಚ್ಚತಾನ. ಈ ಕೆಲಸಾನೂ ಹೋತಂದ್ರ ನಾ ಎಲ್ಲಿ ಹೋಗ್ಲಿ?"

ಉತ್ತರ ಕೊಟ್ಟವಳು ಅವ್ವ. ನಮ್ಮವ್ವ ರೇವವ್ವ ಹೆಚ್ಚು ಮಾತಿನವಳಲ್ಲ. ಅಡುಗೆಮನೆಯಿಂದ ಬಂದು, ಆವತ್ತು ಯಾರೋ ತಂದಿಟ್ಟಿದ್ದ ಬುತ್ತಿ ಗಂಟನ್ನು ಅಪ್ಪನ ಮುಂದೆ ಇಟ್ಟಳು.

"ತಿಂಗಳಾತು, ನನ್ನ ಒಲಿ ಉರಿಯಾಕತ್ತಿದ್ರೂ ಮಂದಿ ರೊಟ್ಟಿ ತಂದ ಇಡತಾರ. ಗಂಡ, ಮಗ ಇಬ್ರೂ ಗಟ್ಟಿಮುಟ್ಟ ಕುಂತಾಗ ಸತ್ತ ಮನಿ ರೊಟ್ಟಿ ನಾ ತಿನ್ನಂಗಿಲ್ಲ. ನೀವ ತಿನ್ರಿ."

ಅಪ್ಪ ಆವತ್ತು ಉಣ್ಣಲಿಲ್ಲ.

ಮರುದಿನ ಸೋಮವಾರ. ಸಂಜೆ ಅಪ್ಪ ತೊಳೆದ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಟೊಪ್ಪಿಗೆ ಹಾಕಿಕೊಂಡು ಹೊರಗೆ ಬಂದ. "ಗಾಡಿ ತಗಿ. ದುಮ್ಮವಾಡಕ್ಕ ಹೋಗೂಣು" ಎಂದ.

ಮಠದಲ್ಲಿ ಭಜನೆಗೆ ಮೂವತ್ತು ಜನ ಸೇರಿದ್ದರು. ಒಂದು ಪದ ಮುಗಿಯಿತು, ಇನ್ನೊಂದು ಶುರುವಾಗುವುದಕ್ಕೆ ಮೊದಲು ಅಪ್ಪ ಎದ್ದು ನಿಂತ.

"ಹಿರ್ಯಾರ್ರಿ, ಒಂದ ಮಾತು. ನನ್ನ ಮಗನ್ನ ಕಂಪನಿಯವ್ರು ತಗದಿಲ್ಲ. ತಾನ ಬಿಟ್ಟಾನ. ಎಂಬತ್ತೈದ ಸಾವಿರ ಪಗಾರ, ಕಾರು, ಎಲ್ಲಾ ಬಿಟ್ಟು ಪೇಟಿ ರಿಪೇರಿಗೆ ಕುಂತಾನ. ತಗದ್ರು ಅಂತ ನಾ ಹೇಳಿದ್ದು ಸುಳ್ಳು. ನೀವು ನಗತೀರಿ ಅಂತ ಹೇಳಿದ್ನಿ."

ತಬಲಾದ ಹಿಂದೆ ಕೂತಿದ್ದ ಕರಿಸಿದ್ದಪ್ಪ, "ಮಡಿವಾಳೆಪ್ಪಣ್ಣಾ, ಪೇಟಿ ರಿಪೇರಿ ಅಂವ ಮಾಡ್ತಾನ ಖರೆ. ಅವನ ತಲಿ ರಿಪೇರಿ ಯಾರ ಕಡೆ ಮಾಡಸ್ತೀರಿ?" ಎಂದ.

ಇಡೀ ಮಠ ನಕ್ಕಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನ ಕಿವಿ ಕೆಂಪಾದದ್ದು ನನಗೆ ಕಂಡಿತು. ಬದುಕಿನುದ್ದಕ್ಕೂ ಯಾವುದಕ್ಕೆ ಹೆದರಿದ್ದನೋ ಅದರ ನಡುವೆ ಒಬ್ಬನೇ ನಿಂತಿದ್ದ. ನಾನು ಏಳಲು ಹೋದೆ, ಅವನು ಕೈಯಿಂದಲೇ ಕೂರು ಎಂದ. ನಗು ಪೂರಾ ಮುಗಿಯುವವರೆಗೆ ಕಾಯ್ದ.

"ನಕ್ಕದ್ದು ಆತ್ರ್ಯಾ? ಯಾರರ ಉಳದಿದ್ರ ನಕ್ಕೋರ್ರಿ. ಆಮ್ಯಾಲೆ ಪೇಟಿ ಕೊಡ್ರಿ, ಕತ್ತಲಾಗತೈತಿ."

ಈ ಸಲ ಯಾರೂ ನಗಲಿಲ್ಲ. ಉಡಚಪ್ಪ ಒಳಗೆ ಹೋಗಿ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಇನ್ನೊಂದು ಪೇಟಿ ತಂದ. ಅದರ ಬಾಯಿ ಕಟ್ಟಿ ವರ್ಷವಾಗಿತ್ತಂತೆ. ನನ್ನ ಕೈಗೆ ಕೊಡಲು ಬಂದಾಗ ಅಪ್ಪ ನಡುವೆ ಕೈ ಚಾಚಿ ತಾನೇ ತೆಗೆದುಕೊಂಡ.

ಹಿಂದಿನ ಸೀಟಿನಲ್ಲಿ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಗೋವಿನಜೋಳದ ಹೊಲಗಳ ನಡುವೆ ಬರುತ್ತಿರುವಾಗ ಹಿಂದಿನಿಂದ ಕೇಳಿದ:

"ಖರೇನ ಯಾಕ ಬಿಟ್ಟಿ?"

ತಿಂಗಳಿನಿಂದ ಎಲ್ಲರೂ 'ಯಾಕ ತಗದ್ರು' ಎಂದು ಕೇಳಿದ್ದರು. ಯಾಕೆ ಬಿಟ್ಟೆ ಎಂದು ಕೇಳಿದವನು ಇವನೊಬ್ಬನೇ. ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. 'ನಮ್ಮ ಗೌರೀಶ ಹೇಳ್ಯಾನ' ಎಂದು ನಂಬಿ ಒಂದು ಸಲ ಸಾಕಾಗುವ ಔಷಧವನ್ನು ಮೂರು ಸಲ ಹೊಡೆದ ರೈತರಿದ್ದರು. ತಿಂಗಳ ಕೊನೆಯ ಟಾರ್ಗೆಟ್ ಇತ್ತು. ಮಗಳು ಮಾತು ಕಲಿತದ್ದನ್ನು ಫೋನಿನಲ್ಲಿ ಕೇಳಿದ್ದಿತ್ತು. ಆದರೆ ಬಾಯಿಗೆ ಬಂದದ್ದು ಇಷ್ಟೇ:

"ಅಲ್ಲಿ ಇದ್ದಾಗ ದಿನಾ ಮುಂಜಾನೆ ಎದ್ದಕೂಡ್ಲೆ ಹೊಟ್ಟಿ ನೋಯ್ತಿತ್ತು ಅಪ್ಪಾ. ಈಗ ಹಸೀತೈತಿ."

ಸ್ವಲ್ಪ ದೂರ ಹೋದೆವು.

"ಎಷ್ಟ ದಿನಾ ನೋಯ್ತಿತ್ತು?"

"ಹತ್ತ ವರ್ಷ ಆಗಿರಬೇಕು."

"ಒಮ್ಮೆರ ಹೇಳಬೇಕಿಲ್ಲೋ ಮಗನ?"

"ನೀ ಊರ ಮಂದಿನ್ನೆಲ್ಲಾ ಕರದು ಆ ಕಾರು ತೋರಸ್ತಿದ್ದಿ. ಹೆಂಗ ಹೇಳಲಿ?"

ಹೇಳಿದ ಮೇಲೆ ನನಗೇ ಹೊಳೆಯಿತು. ಮಂದಿಗೆ ಹೆದರಿ ಒಂದು ತಿಂಗಳು ಸುಳ್ಳು ಹೇಳಿದ ಅಪ್ಪನ ಮೇಲೆ ನಾನು ಹರಿಹಾಯ್ದಿದ್ದೆ. ಅಪ್ಪನಿಗೆ ಹೆದರಿ ನಾನು ಹೇಳಿದ್ದು ಹತ್ತು ವರ್ಷದ ಸುಳ್ಳು.

ಹಿಂದೆ ಅಪ್ಪ ಅಳುತ್ತಿದ್ದ. ನಾನು ಗಾಡಿ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವನು ಅಳು ನುಂಗಿಕೊಳ್ಳುತ್ತಿದ್ದ.