ನೊನಾ ಕೊಟ್ಟ ಕೆಂಪು ಬೂಟು

ಪೊಲಿಕ್ಸೇನಿಗೆ ತನ್ನ ಕಣ್ಣಿನ ಮೇಲಿದ್ದಷ್ಟು ನಂಬಿಕೆ ಊರ ಪಾದ್ರಿಯ ಮೇಲೂ ಇರಲಿಲ್ಲ. ಚೌಕದ ಮೂಲೆಯಲ್ಲಿ ಸಿಗರೇಟು, ಪತ್ರಿಕೆ, ಪೆಪ್ಪರಮೆಂಟು ಮಾರುವ ಗೂಡಂಗಡಿಯಲ್ಲಿ ಕೂತೇ ಅವಳ ತಲೆಗೂದಲು ನೆರೆತಿತ್ತು. ಬರುವವನ ನಡಿಗೆ ನೋಡಿದರೆ ಸಾಕು, ಅವನಿಗೆ ಯಾವ ಸಿಗರೇಟು ಬೇಕು, ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದಾನೋ ಇಲ್ಲವೋ ಎಲ್ಲ ಹೇಳಿಬಿಡುತ್ತಿದ್ದಳು. ಕೇಳದವರಿಗೂ ಹೇಳುತ್ತಿದ್ದಳು. ಇಡೀ ಗ್ರೀಸಿನಲ್ಲಿ ಇಂಥ ಕಣ್ಣು ಇನ್ನೊಂದಿಲ್ಲ ಎಂಬ ಮಾತನ್ನು ಊರಿಗೆ ಕಲಿಸಿದವಳೂ ಅವಳೇ.

ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಅವಳಿಗೆ ಅಂತ ಇದ್ದವಳು ಅರೆತಿ ಒಬ್ಬಳೇ. ಏಳು ವರ್ಷದ ಆ ಹುಡುಗಿಯನ್ನು ಜ್ಞಾನಸ್ನಾನದ ದಿನ ನೀರಿನಿಂದ ಎತ್ತಿಕೊಂಡು ಹೆಸರು ಕೊಟ್ಟವಳು ಪೊಲಿಕ್ಸೇನಿ. ಹಾಗೆ ಎತ್ತಿಕೊಂಡವಳು ನಮ್ಮಲ್ಲಿ ಮಗುವಿಗೆ ನೊನಾ ಆಗುತ್ತಾಳೆ. ಹೆತ್ತವಳಿಗಿಂತ ಅರ್ಧ ಮೆಟ್ಟಿಲು ಕೆಳಗೆ, ಉಳಿದ ಬಂಧುಬಳಗಕ್ಕಿಂತ ಎಷ್ಟೋ ಮೇಲೆ. ಈಸ್ಟರ್ ಹಬ್ಬಕ್ಕೆ ಮಗುವಿಗೆ ಉದ್ದನೆಯ ಮೇಣದಬತ್ತಿಯನ್ನೂ ಹೊಸ ಬೂಟನ್ನೂ ತರುವುದು ನೊನಾಳ ಹಕ್ಕು. ಆ ಹಕ್ಕಿಗೆ ಹೆತ್ತ ತಾಯಿಯೂ ಕೈ ಹಾಕುವಂತಿಲ್ಲ.

ಹಬ್ಬದ ಉಡುಗೊರೆ ಅಂದಮೇಲೆ ಗುಟ್ಟಾಗಿರಬೇಕಲ್ಲ? ಹಬ್ಬಕ್ಕೆ ವಾರವಿರುವಾಗ ಪೊಲಿಕ್ಸೇನಿ ಅರೆತಿಯ ಮನೆಗೆ ಕಾಫಿಗೆ ಹೋದಳು. ಬಾಗಿಲ ಬಳಿ ಬಿಟ್ಟಿದ್ದ ಹುಡುಗಿಯ ಚಳಿಗಾಲದ ಬೂಟಿನೊಳಗೆ ಒಂದು ದಾರ ಇಳಿಸಿ, ಅಳತೆ ಹಿಡಿದು, ಹಲ್ಲಲ್ಲಿ ಕಚ್ಚಿ ಕತ್ತರಿಸಿದಳು. ಆ ದಾರವನ್ನು ಥ್ರಾಸೋಸನ ಅಂಗಡಿಗೆ ಒಯ್ದು, ಅದಕ್ಕಿಂತ ಕೂದಲೆಳೆಯಷ್ಟು ಉದ್ದದ ಕೆಂಪು ಬೂಟು ಆರಿಸಿದಳು. ಪಟ್ಟಿಯ ಮೇಲೆ ಹಿತ್ತಾಳೆಯ ಗುಂಡಿ, ಒಳಗೆ ಕುರಿಮರಿಯ ತೊಗಲು. ಮಗುವನ್ನೇ ಕರೆದುಕೊಂಡು ಬನ್ನಿ ಅಂತ ಥ್ರಾಸೋಸ್ ಹೇಳಿದ್ದ. "ನನ್ನ ಕಣ್ಣು ಸಾಲದಾ ನಿಂಗೆ?" ಅಂತ ಅವನ ಬಾಯಿ ಮುಚ್ಚಿಸಿದ್ದಳು.

ಹಬ್ಬ ಬಂತು. ಎಲ್ಲರೂ ಕೆಂಪು ಮೊಟ್ಟೆ ಕುಟ್ಟಿ ಒಡೆಯುತ್ತಿದ್ದರೆ, ಅಂಗಳದಲ್ಲಿ ಕುರಿ ಬೇಯುತ್ತಿದ್ದರೆ, ಅರೆತಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ಬೂಟು ಹೇಗಿದೆ ಚಿನ್ನಾ?" ಎಂದರೆ, "ಚೆನ್ನಾಗಿದೆ ನೊನಾ." ಮುಗುಳ್ನಗೆ ಬೇರೆ. ಪೊಲಿಕ್ಸೇನಿ ಹಿಗ್ಗಿ ಹೀರೇಕಾಯಿಯಾದಳು.

ಬುಧವಾರ ಬೆಳಿಗ್ಗೆ ಗೂಡಂಗಡಿಯ ಕಿಂಡಿಯಿಂದ ನೋಡಿದಾಗ ಆ ಹಿಗ್ಗು ಇಳಿದುಹೋಯಿತು. ಅರೆತಿ ರೊಟ್ಟಿ ತರಲು ಹೋಗುತ್ತಿದ್ದಳು. ಕೆಂಪು ಬೂಟಿನ ಹಿಂಭಾಗವನ್ನು ತುಳಿದು ಚಪ್ಪಲಿ ಮಾಡಿಕೊಂಡು, ಪಾದದ ಅಂಚಿನ ಮೇಲೆ ಹೆಜ್ಜೆ ಹಾಕುತ್ತಿದ್ದಳು. ಹಿಮ್ಮಡಿಗೆ ಔಷಧದ ಪಟ್ಟಿ. ಪೊಲಿಕ್ಸೇನಿ ಅಂಗಡಿ ಬಿಟ್ಟು ಓಡಿದಳು.

"ಕಚ್ತಿದೆಯಾ ಮಗಳೇ?"

"ಇಲ್ಲ ನೊನಾ. ಚೆನ್ನಾಗಿದೆ."

ಹೇಳಿ ಬೂಟನ್ನು ಸರಿಯಾಗಿ ಎಳೆದುಕೊಂಡು ನೆಟ್ಟಗೆ ನಡೆದುಹೋದಳು. ಕಣ್ಣಲ್ಲಿ ನೀರು ತುಂಬಿದ್ದು ಪೊಲಿಕ್ಸೇನಿಗೆ ಕಾಣದೆ ಇರುತ್ತದೆಯೇ? ಬೂಟು ಕಚ್ಚಿದ್ದು ಒಂದು ನೋವು. ಅದಕ್ಕಿಂತ, ಮಗು ತನ್ನ ಮುಖ ನೋಡಿ ಸುಳ್ಳು ಹೇಳಿತಲ್ಲ, ಅದು ಅವಳ ಎದೆಗೆ ನಾಟಿತು. ಪರಕೀಯರ ಮನೆಯಲ್ಲಿ ಉಪ್ಪು ಹೆಚ್ಚಾದ ಸಾರನ್ನೂ ಚೆನ್ನಾಗಿದೆ ಅನ್ನುತ್ತೇವೆ. ತಾನು ಈ ಮಗುವಿಗೆ ಪರಕೀಯಳಾದೆನೇ? ಶುಕ್ರವಾರ ಊರಾಚೆ ಬುಗ್ಗೆಯ ಬಳಿಯ ಇಗರ್ಜಿಯಲ್ಲಿ ಹಬ್ಬ. ಅಲ್ಲಿ ಮಗುವಿನ ಕೈ ಹಿಡಿದು ಕುಣಿತದ ಸಾಲಿನ ಮುಂದೆ ನಿಲ್ಲುವುದನ್ನೇ ಅವಳು ವರ್ಷವಿಡೀ ಕಾಯುತ್ತಿದ್ದಳು. ಹಲ್ಲು ಕಚ್ಚಿಕೊಂಡು ನಗುವ ಮಗುವಿನ ಜೊತೆ ಎಂಥ ಕುಣಿತ?

ಆದರೆ ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದು. ತಪ್ಪು ಅಳತೆ ಹಿಡಿದೆ ಅಂತ ಅರೆತಿಯ ತಾಯಿ ಗರಿಫಾಲ್ಯಳ ಮುಂದೆ ಒಪ್ಪಿಕೊಳ್ಳುವುದೇ? ಗುರುವಾರ ಬೆಳಿಗ್ಗೆ ಪೊಲಿಕ್ಸೇನಿ ಅವರ ಮೆಟ್ಟಿಲ ಮೇಲೆ ಬಿಸಿಲಿಗೆ ಇಟ್ಟಿದ್ದ ಕೆಂಪು ಬೂಟನ್ನು ಕೈಚೀಲಕ್ಕೆ ಸೇರಿಸಿದಳು. ತಾನು ಕೊಟ್ಟದ್ದನ್ನು ತಾನೇ ಕದ್ದು, ತಲೆಯೆತ್ತಿಕೊಂಡು ಬೂಟಿನಂಗಡಿಗೆ ನಡೆದಳು.

"ಕ್ರಿಸ್ತ ಎದ್ದ, ಥ್ರಾಸೋಸ್!" ಎಂದು ಆ ವಾರದ ವಾಡಿಕೆಯಂತೆ ನಮಸ್ಕಾರ ಹೇಳಿ, ಬೂಟನ್ನು ಮೇಜಿನ ಮೇಲಿಟ್ಟಳು.

"ನಿಜವಾಗ್ಲೂ ಎದ್ದ," ಎಂದ ಥ್ರಾಸೋಸ್. ಬೂಟನ್ನು ತಿರುವಿ ನೋಡಿದ. "ಆದ್ರೆ ಇದು ಏಳೋ ಹಂಗೆ ಕಾಣ್ತಿಲ್ಲ ಪೊಲಿಕ್ಸೇನಮ್ಮ."

"ಯಾಕೆ? ಬದಲಾಯಿಸಿ ಕೊಡು. ಇದೇ ಬಣ್ಣ, ಇದೇ ಗುಂಡಿ, ಒಂದು ಅಳತೆ ದೊಡ್ಡದು."

"ಹಾಕ್ಕೊಂಡಿರೋ ಬೂಟನ್ನ ನಾನು ಹಿಂದಕ್ಕೆ ತಗೊಳಲ್ಲ. ನಿಮಗೆ ಗೊತ್ತಿಲ್ವಾ?"

"ಯಾರು ಹಾಕ್ಕೊಂಡಿದ್ದಾರೆ? ಮನೇಲಿ ಒಂದು ಸುತ್ತು ನೋಡಿದ್ದಾರೆ ಅಷ್ಟೆ."

ಥ್ರಾಸೋಸ್ ಕನ್ನಡಕ ಏರಿಸಿದ. "ಮೂತಿ ಮೇಲೆ ಮೇಣ ತೊಟ್ಟಿಕ್ಕಿದೆ. ಅಡೀಲಿ ಕೆಂಪು ಮೊಟ್ಟೆ ಸಿಪ್ಪೆ. ಇಲ್ಲಿ ನೋಡಿ, ಕುರಿ ಕೊಬ್ಬು. ಇದು ಇಗರ್ಜಿಗೂ ಹೋಗಿದೆ, ಊಟಕ್ಕೂ ಕೂತಿದೆ. ಉಪವಾಸ ಮಾತ್ರ ಮಾಡಿಲ್ಲ."

"ಬೂಟು ಮಾರೋದು ಬಿಟ್ಟು ಪೊಲೀಸ್ ಕೆಲ್ಸಕ್ಕೆ ಸೇರ್ಕೊ ನೀನು," ಎಂದಳು ಪೊಲಿಕ್ಸೇನಿ. ಸೋಲುವ ದನಿಯಲ್ಲ ಅದು. ಸ್ಟೂಲು ಎಳೆದು ಕೂತಳು. "ಕೊಡೋತನಕ ಏಳಲ್ಲ ನಾನು. ಇನ್ನೊಂದು ಮಾತು. ಗರಿಫಾಲ್ಯಂಗೆ ಗೊತ್ತಾಗಬಾರದು."

ಥ್ರಾಸೋಸನಿಗೆ ನಗು ತಡೆಯಲಾಗಲಿಲ್ಲ. ಹಿಂದಿನ ಕಪಾಟಿನ ಪರದೆ ಸರಿಸಿ ತೋರಿಸಿದ. ಕೆಳಗಿನ ಹಲಗೆಯ ತುಂಬ ಮಕ್ಕಳ ಬೂಟುಗಳು, ಎಲ್ಲದರ ಮೇಲೂ ಮೇಣದ ಕಲೆ.

"ಇವೆಲ್ಲ ಹಿಂದಿನ ಹಬ್ಬಗಳದ್ದು. ನೊನಾಗಳು ಮಗೂನ ಕರ್ಕೊಂಡು ಬರಲ್ಲ, ಗುಟ್ಟು ನೋಡಿ. ಹಬ್ಬ ಕಳೆದ ಮೇಲೆ ತಾಯಂದಿರು ಒಬ್ಬೊಬ್ಬರಾಗಿ ಶಾಲಿನಡಿ ಮುಚ್ಕೊಂಡು ಬರ್ತಾರೆ. ಅದೇ ಥರದ್ದು ದೊಡ್ಡದು ಕೊಡಿ, ನೊನಾಗೆ ಗೊತ್ತಾಗಬಾರದು ಅಂತ ಕೈ ಮುಗೀತಾರೆ. ಹಳೇದನ್ನ ಇಲ್ಲೇ ಬಿಟ್ಟು ಹೋಗ್ತಾರೆ, ಮನೇಲಿದ್ರೆ ಗುಟ್ಟು ರಟ್ಟಾಗತ್ತಲ್ಲ. ನೊನಾನೇ ಖುದ್ದಾಗಿ ಬಂದಿದ್ದು ಇದೇ ಮೊದಲು."

"ನಮ್ಮ ಗರಿಫಾಲ್ಯ ಅಂಥವಳಲ್ಲ. ನನ್ನ ಹತ್ರ ಮುಚ್ಚುಮರೆ ಮಾಡಲ್ಲ ಅವಳು."

ಬಾಯಿಂದ ಆ ಮಾತು ಇನ್ನೂ ಪೂರ್ತಿ ಹೊರಬಿದ್ದಿರಲಿಲ್ಲ, ಬಾಗಿಲ ಗಂಟೆ ಕಿಣಿಕಿಣಿ ಎಂದಿತು. ಗರಿಫಾಲ್ಯ ಅರೆತಿಯ ಕೈ ಹಿಡಿದು ಏದುಸಿರು ಬಿಡುತ್ತ ಒಳಗೆ ಬಂದಳು. ಕಪಾಟಿನ ಮರೆಯಲ್ಲಿ ಬೂಟು ಹಿಡಿದು ಕೂತ ಪೊಲಿಕ್ಸೇನಿ ಅವಳ ಕಣ್ಣಿಗೆ ಬೀಳಲಿಲ್ಲ.

"ಥ್ರಾಸೋಸಣ್ಣ, ಬೇಗ! ಪೊಲಿಕ್ಸೇನಕ್ಕ ತಗೊಂಡ್ರಲ್ಲ ಕೆಂಪು ಬೂಟು, ಅಂಥದ್ದೇ ಇನ್ನೊಂದು ಕೊಡಿ, ದೊಡ್ಡದು. ಹಳೇದನ್ನ ತಂದು ಕೊಡೋಣ ಅಂತಿದ್ದೆ, ಯಾವಳೋ ಕಳ್ಳಿ ಮೆಟ್ಟಿಲ ಮೇಲಿಂದ ಎತ್ಕೊಂಡು ಹೋಗಿದ್ದಾಳೆ. ಅವಳ ಕೈ ಸೇದಿ ಹೋಗ! ಅಕ್ಕಂಗೆ ಮಾತ್ರ ಗೊತ್ತಾಗಬಾರದು."

"ಕೈಗೆ ಶಾಪ ಹಾಕಬೇಡ್ವೇ, ನಾಳೆ ಕುಣೀಬೇಕು," ಎನ್ನುತ್ತ ಪೊಲಿಕ್ಸೇನಿ ಎದ್ದು ನಿಂತಳು. "ಕಳ್ಳಿ ಇಲ್ಲೇ ಇದ್ದಾಳೆ."

ಗರಿಫಾಲ್ಯಳ ಮುಖ ಬಿಳಿಚಿತು. ಥ್ರಾಸೋಸ್ ಗೋಡೆಯ ಕಡೆ ತಿರುಗಿ ಕೆಮ್ಮುವವನಂತೆ ನಕ್ಕ. ಪೊಲಿಕ್ಸೇನಿಗೂ ನಗು ಬಂದಿತ್ತು. ಆದರೆ ಅರೆತಿಯ ಕಾಲು ಕಂಡು ನಿಂತುಹೋಯಿತು. ಹುಡುಗಿ ಚಳಿಗಾಲದ ಹಳೆಯ ಬೂಟು ಹಾಕಿಕೊಂಡು, ಅದರಲ್ಲೂ ಅಂಚಿನ ಮೇಲೆಯೇ ನಿಂತಿದ್ದಳು.

ಪೊಲಿಕ್ಸೇನಿ ನೆಲದಲ್ಲಿ ಕೂತು ಬೂಟನ್ನೂ ಕಾಲುಚೀಲವನ್ನೂ ಬಿಚ್ಚಿದಳು. ಬೆರಳುಗಳು ಒಂದರ ಮೇಲೊಂದು ಮಡಚಿಕೊಂಡಿದ್ದವು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಐದು ದಿನದ ಬೂಟು ಮಾಡುವ ಕೆಲಸವಲ್ಲ ಅದು.

"ಯಾವಾಗಿನಿಂದ?"

ಗರಿಫಾಲ್ಯ ನೆಲ ನೋಡಿದಳು. "ಚಳಿಗಾಲದ ನಡುವಿನಿಂದ ಅಕ್ಕಾ. ಕಾಲು ಒಂದೇ ಸಲ ಬೆಳೀತು."

"ಹಳೇ ಬೂಟೇ ಚಿಕ್ಕದಾಗಿತ್ತಾ? ನಾನು ದಾರ ಹಿಡಿದಿದ್ದು ಇದಕ್ಕೇ ಕಣೇ! ಮತ್ತೆ ಹೊಸದು ಯಾಕೆ ಕೊಡಿಸಲಿಲ್ಲ?"

"ಹೇಗೆ ಕೊಡಿಸ್ಲಿ? ಈಸ್ಟರ್ ಹತ್ರ ಬರ್ತಿತ್ತು, ನೀವು ತರ್ತಿದ್ರಿ. ಅಷ್ಟರಲ್ಲಿ ನಾನು ಕೊಡಿಸಿದ್ರೆ ಊರು ಏನನ್ನುತ್ತೆ? ನೊನಾ ಕೈಲಾಗದವಳು ಅನ್ನಲ್ವಾ? ನಿಮಗೆ ನೋವಾಗಲ್ವಾ?" ಗರಿಫಾಲ್ಯ ಮಗಳ ಕಾಲುಚೀಲ ಎತ್ತಿಕೊಂಡಳು. "ಆಮೇಲೆ ನೀವು ತಂದಿದ್ದೂ ಬಿಗಿ ಆಯ್ತು. ದಾನಕ್ಕೆ ಕೊಟ್ಟ ಹಸುವಿನ ಹಲ್ಲು ಹಿಡಿದು ನೋಡೋದಾ ಅಂತ ಸುಮ್ಮನಾದೆ. ನೊನಾ ಕೇಳಿದ್ರೆ ಚೆನ್ನಾಗಿದೆ ಅನ್ನು ಅಂತ ನಾನೇ ಹೇಳಿಕೊಟ್ಟೆ."

ಪೊಲಿಕ್ಸೇನಿ ಆ ಪುಟ್ಟ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ತನ್ನ ಮರ್ಯಾದೆ ಉಳಿಯಲಿ ಅಂತ ಈ ಬೆರಳುಗಳು ಚಳಿಗಾಲವಿಡೀ ಮಡಚಿಕೊಂಡು ಬದುಕಿದ್ದವು. ಅವಳಿಗೆ ಸಿಟ್ಟು ಬಂತು. ಗರಿಫಾಲ್ಯಳ ಮೇಲೆ, ಊರಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಆ ಹೆಸರಾಂತ ಕಣ್ಣಿನ ಮೇಲೆ. ಇಡೀ ಚೌಕದ ನಡಿಗೆ ಓದಿದ ಕಣ್ಣು ಈ ಒಂದು ನಡಿಗೆಯನ್ನು ತಿಂಗಳುಗಟ್ಟಲೆ ಓದಿರಲಿಲ್ಲ.

ಕಣ್ಣೊರೆಸಿಕೊಂಡಳು. ಅವಳ ಅಳು ಯಾವತ್ತೂ ಗಿಡ್ಡ.

"ಥ್ರಾಸೋಸ್, ಆ ಕೆಂಪು ಬೂಟನ್ನ ನಿನ್ನ ಹಲಗೆ ಮೇಲೆ ಇಡು. ಪರದೆ ಹಿಂದೆ ಬೇಡ, ಮುಂದೆ ಇಡು. ಪೊಲಿಕ್ಸೇನಿ ತಪ್ಪು ಅಳತೆ ತಂದಳು ಅಂತ ಕೇಳಿದವರಿಗೆಲ್ಲ ಹೇಳು. ಗರಿಫಾಲ್ಯ, ಇನ್ಮೇಲೆ ಕಾಲು ಯಾವ ತಿಂಗಳು ಬೆಳೆಯುತ್ತೋ ಆ ತಿಂಗಳೇ ಈಸ್ಟರ್. ನಂಗೆ ಹೇಳಿಕಳಿಸು. ಥ್ರಾಸೋಸ್, ಈಗ ಮಗು ಅಳತೆ ತಗೊ, ನಿಲ್ಲಿಸಿ ತಗೊ."

ಥ್ರಾಸೋಸ್ ಅಳತೆ ಹಿಡಿದು, ತಲೆ ಕೆರೆದುಕೊಂಡ. ಆ ಅಳತೆಗೆ ಕೆಂಪು ಬಣ್ಣದ್ದು ಇರಲಿಲ್ಲ. ನೀಲಿ ಬೂಟು ತಂದು ಹಾಕಿದ.

"ಚೆನ್ನಾಗಿದೆ ನೊನಾ," ಎಂದಳು ಅರೆತಿ ತಕ್ಷಣ.

"ನನ್ನ ಮುಖ ನೋಡಬೇಡ," ಎಂದಳು ಪೊಲಿಕ್ಸೇನಿ. "ನಿಮ್ಮಮ್ಮನ ಮುಖಾನೂ ನೋಡಬೇಡ. ಕಣ್ಣು ಮುಚ್ಚು. ಬೆರಳನ್ನ ಕೇಳು, ಅದೇನು ಹೇಳುತ್ತೋ ನಂಗೆ ಹೇಳು. ನಾನು ಬೇಜಾರು ಮಾಡ್ಕೊಳಲ್ಲ. ಸುಳ್ಳು ಹೇಳಿದ್ರೆ ಮಾತ್ರ ಮಾಡ್ಕೊಳ್ತೀನಿ."

ಅರೆತಿ ಕಣ್ಣು ಮುಚ್ಚಿದಳು. ಬೂಟಿನೊಳಗೆ ಬೆರಳು ಆಡಿಸಿದಳು. ಕೊನೆಗೆ ಸಣ್ಣ ದನಿಯಲ್ಲಿ, "ಹೆಬ್ಬೆರಳಿಗೆ ಒತ್ತುತ್ತೆ."

"ಕೇಳಿಸ್ತಾ ಥ್ರಾಸೋಸ್?" ಪೊಲಿಕ್ಸೇನಿಯ ಕೂಗು ಚೌಕದವರೆಗೂ ಹೋಯಿತು. "ಒತ್ತುತ್ತಂತೆ! ಬೇರೆ ತಾ!"

ಬೇರೆಯದು ಬಂತು. "ಹಿಮ್ಮಡಿ ಜಾರುತ್ತೆ." ಮತ್ತೊಂದು. "ಇದು ಒಳಗೆ ಚುಚ್ಚುತ್ತೆ." ಇನ್ನೊಂದು. "ಸರಿ ಇದೆ, ಆದ್ರೆ ಪಾದ್ರಿ ಬೂಟಿನ ಥರ ಇದೆ." ಹುಡುಗಿಗೆ ನಿಜ ಹೇಳುವ ರುಚಿ ಹತ್ತಿತ್ತು. ಥ್ರಾಸೋಸನ ಸುತ್ತ ಡಬ್ಬಿಗಳ ಗುಡ್ಡೆ ಬೆಳೆಯಿತು. ಗರಿಫಾಲ್ಯ ಮಗಳ ಬಾಯಿ ಮುಚ್ಚಿಸಲು ಹೋದರೆ ಪೊಲಿಕ್ಸೇನಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಕೊನೆಗೆ ಕಂದು ಬಣ್ಣದ, ದಾರ ಕಟ್ಟುವ, ಹುಡುಗರ ಬೂಟೊಂದನ್ನು ಹಾಕಿಕೊಂಡು ಅರೆತಿ ಹೇಳದೆ ಕೇಳದೆ ಬಾಗಿಲಾಚೆ ಓಡಿದಳು, ಚೌಕಕ್ಕೆ ಒಂದು ಸುತ್ತು ಹಾಕಿ ಬಂದಳು. ಕೇಳುವುದು ಏನೂ ಉಳಿಯಲಿಲ್ಲ.

ಶುಕ್ರವಾರ ಬುಗ್ಗೆಯ ಬಳಿ ಕ್ಲಾರಿನೆಟ್ ಮೊಳಗಿತು. ಪೊಲಿಕ್ಸೇನಿ ಕುಣಿತದ ಸಾಲಿನ ಮುಂದೆ ನಿಂತಳು, ಪಕ್ಕದಲ್ಲಿ ಹುಡುಗರ ಬೂಟು ಹಾಕಿಕೊಂಡ ಅರೆತಿ. ನೊನಾ ಎಂಥ ಬೂಟು ಕೊಡಿಸಿದ್ದಾಳೆ ನೋಡಿ ಅಂತ ಹೆಂಗಸರು ಪಿಸುಗುಟ್ಟಿದರು. ಪೊಲಿಕ್ಸೇನಿಗೆ ಕೇಳಿಸಿತು, ಗದ್ದ ಇನ್ನಷ್ಟು ಮೇಲೇರಿತು. ಎರಡು ಸುತ್ತು ಮುಗಿದಿರಬೇಕು, ಮಗು ಅವಳ ತೋಳು ಜಗ್ಗಿತು.

"ನೊನಾ, ಕೈ ತುಂಬ ಬಿಗಿ ಹಿಡಿದಿದ್ದೀರಿ. ನೋಯ್ತಿದೆ."

ಪೊಲಿಕ್ಸೇನಿ ಹಿಡಿತ ಸಡಿಲಿಸಿದಳು. ಏಳು ವರ್ಷದಲ್ಲಿ ಆ ಮಗು ಅವಳಿಗೆ ಕೊಟ್ಟ ಯಾವ ಉಡುಗೊರೆಯೂ ಇಷ್ಟು ಸರಿಯಾಗಿ ಹೊಂದಿರಲಿಲ್ಲ.