ಬುರುಡೆಗೆ ಹಾಕಿದ ನೆಲುವು

ಅಕ್ಕಿಯ ಎರಡನೇ ನೀರು ಬಸಿಯುತ್ತಿದ್ದಾಗ ಕನಕಮ್ಮನಿಗೆ ಆ ಸದ್ದು ಕೇಳಿಸಿತು. ಭತ್ತದ ರಾಶಿ ಒಮ್ಮೆಲೇ ಜಾರಿದಂತೆ, ಅದರೊಳಗೆ ಯಾರೋ ಬಳೆಗೈ ಆಡಿಸಿದಂತೆ. ಪಾತ್ರೆಯ ಅಂಚು ಹಿಡಿದ ಕೈ ಹಾಗೇ ನಿಂತಿತು.

"ಅಕ್ಕಿ ತೊಳ್ಯಾಕತ್ತಿಯೋ, ಜಪ ಮಾಡಾಕತ್ತಿಯೋ?" ಎಂದಳು ಜೈನಾಬೀ. ಸಾಲಗುಂದದ ಆ ಶಾಲೆಯಲ್ಲಿ ಇಬ್ಬರೂ ಸೇರಿ ಬಿಸಿಯೂಟ ಬೇಯಿಸುತ್ತಿದ್ದರು.

ಬೇವಿನ ಕೆಳಗೆ ಮಕ್ಕಳು ದುಂಡಗೆ ಕೂತಿದ್ದರು. ಆಫ್ರಿಕಾದ ವಾದ್ಯಗಳನ್ನು ಮಕ್ಕಳ ಕೈಗೇ ಕೊಟ್ಟು ಕಲಿಸಲು ಫೋಲಾ ಎಂಬ ನೈಜೀರಿಯಾದ ಹೆಂಗಸು ಬೆಳಿಗ್ಗೆ ಸಿಂಧನೂರಿನಿಂದ ಆಟೋದಲ್ಲಿ ಬಂದಿದ್ದಳು. ಅವಳು ಹೇಳಿದ್ದನ್ನು ನಾಗವೇಣಿ ಟೀಚರು ಕನ್ನಡದಲ್ಲಿ ಹೇಳುತ್ತಿದ್ದರು. ಈಗ ಫೋಲಾಳ ಕೈಯಲ್ಲಿದ್ದದ್ದು ಒಣಗಿದ ಸೋರೆಬುರುಡೆ. ಮೈತುಂಬ ದಾರದ ಬಲೆ, ಬಲೆತುಂಬ ಮಣಿ. ಹೆಸರು ಶೆಕೆರೆ. ಒಳಗೆ ಏನೂ ಇಲ್ಲ, ಹೊರಗಿನ ಮಣಿಗಳೇ ಬುರುಡೆಯನ್ನು ಮಾತಾಡಿಸುತ್ತವಂತೆ.

ಅಂಥದೇ ಬುರುಡೆ ಕನಕಮ್ಮನ ಮನೆಯ ಜಂತಿಗೆ ಬೀಜಕ್ಕೆಂದು ವರ್ಷವೂ ತೂಗುತ್ತಿತ್ತು. ಅದರಲ್ಲಿ ಇಷ್ಟು ದೊಡ್ಡ ಸದ್ದು ಇದ್ದೀತೆಂದು ಅವಳಿಗೆ ಎಂದೂ ಅನಿಸಿರಲಿಲ್ಲ.

ಎಂಟು ವರ್ಷಗಳಿಂದ ಅವಳ ಕೈಗೆ ಸದ್ದಿರಲಿಲ್ಲ. ಗಂಡ ತೀರಿದ ದಿನ ಓಣಿಯ ಹೆಂಗಸರು ಬಳೆ ಒಡೆದರು. ಬಳೆ ಹೋದದ್ದಕ್ಕಿಂತ ಆಮೇಲಿನ ಮೌನವೇ ಹೆಚ್ಚು ತ್ರಾಸು ಕೊಟ್ಟಿತ್ತು. ರೊಟ್ಟಿ ಬಡಿಯುವಾಗ ಬೇರೆ ಯಾರದೋ ಕೈ ಬಡಿದಂತೆ ಕೇಳುತ್ತಿತ್ತು. ಈ ವಯಸ್ಸಿನಲ್ಲಿ ಕೈಗೆ ಸದ್ದು ಬೇಕೆಂದರೆ ಯಾರು ನಗುವುದಿಲ್ಲ?

ಬುರುಡೆ ಕೈಯಿಂದ ಕೈಗೆ ಹೋಗಿ ಅಂಜಲಿ ಎಂಬ ಹುಡುಗಿಯ ಹತ್ತಿರ ಬಂದಾಗ ದಾರ ಹರಿಯಿತು. ಮಣಿಗಳು ಅಡುಗೆಕೋಣೆಯ ಹೊಸ್ತಿಲವರೆಗೆ ಉರುಳಿದವು. ಹುಡುಗಿ ಅಳತೊಡಗಿದಳು.

"ಅಳಬ್ಯಾಡಲೇ. ಆದ್ರ ಈ ದಾರದ ಬಲಿ ಇಲ್ಲಂದ್ರ ಬುರುಡಿ ಮೂಕ ಅಂತ," ಎಂದರು ನಾಗವೇಣಿ.

ಕನಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಹರಿದ ಬಲೆಯನ್ನು ಬೆರಳಲ್ಲಿ ಹರಡಿ ನೋಡಿದಳು. "ಇದು ನೆಲುವು ರೀ. ಮೊಸರಿನ ಗಡಿಗಿ ತೂಗಾಕ ಹೆಣೀತೀವಲ್ಲ, ಅದ ಗಂಟು. ಒಂದೀಟು ದಾರ ಕೊಡ್ರಿ."

ಕಾಲಿನ ಹೆಬ್ಬೆರಳಿಗೆ ದಾರ ಸಿಗಿಸಿ ಅವಳು ಗಂಟು ಹಾಕತೊಡಗಿದಳು. ಮಕ್ಕಳು ಮಣಿ ಆರಿಸಿ ತಂದುಕೊಟ್ಟರು. ಫೋಲಾ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಆ ಹೆಬ್ಬೆರಳನ್ನೇ ನೋಡುತ್ತ ಏನೋ ಹೇಳಿದಳು.

"ಅವರ ಅಜ್ಜೀನೂ ಹಿಂಗ ಕಾಲಬೆರಳಿಗೆ ಸಿಗಿಸಿ ಹೆಣೀತಿದ್ರಂತ," ಎಂದರು ನಾಗವೇಣಿ.

ಕನಕಮ್ಮ ತಲೆ ಎತ್ತಿ ಫೋಲಾಳನ್ನು ನೋಡಿದಳು. ಕಡಲಾಚೆ ಒಬ್ಬ ಮುದುಕಿ, ಇದೇ ಗಂಟು.

ಕೊನೆಯ ಗಂಟು ಬಿದ್ದ ಮೇಲೆ ಬುರುಡೆಯನ್ನು ಫೋಲಾಳಿಗೆ ಚಾಚಿದಳು. ಫೋಲಾ ತೆಗೆದುಕೊಳ್ಳಲಿಲ್ಲ.

"ಕಟ್ಟಿದವರ ಕೈನ ಮೊದಲು ಬಾರಿಸಬೇಕಂತ," ಎಂದರು ನಾಗವೇಣಿ.

"ಅಯ್ಯ, ನನ್ನ ಕೈಯಿಂದ ಮೊದಲಾ? ಬ್ಯಾಡ್ರಿ." ಎಂಟು ವರ್ಷಗಳಲ್ಲಿ ಅವಳ ಕೈ ಯಾವುದಕ್ಕೂ ಮೊದಲಾಗಿರಲಿಲ್ಲ. ಮದುವೆಯ ಅಕ್ಕಿಗೂ ಇಲ್ಲ, ತೊಟ್ಟಿಲಿಗೂ ಇಲ್ಲ.

ಜೈನಾಬೀ ಒಲೆಯ ಬಳಿಯಿಂದಲೇ ಕೂಗಿದಳು. "ನಿನ್ನ ಕೈದ ಅನ್ನ ದಿನಾ ಇಷ್ಟು ಮಕ್ಳು ಉಣ್ತಾವ, ಒಂದಕ್ಕರ ಏನರ ಆಗೈತೇನು? ಬಾರ್ಸಬೇ!"

ಕನಕಮ್ಮ ಬುರುಡೆಯನ್ನು ಎತ್ತಿ ಕೊಡವಿದಳು. ಸದ್ದು ಮಣಿಕಟ್ಟಿನಿಂದ ಮೊಣಕೈಗೆ, ಅಲ್ಲಿಂದ ಎದೆಗೆ ಏರಿತು. ಮತ್ತೆ ಕೊಡವಿದಳು. ಕಾಲುವೆಗೆ ಮೊದಲ ನೀರು ಬಿಟ್ಟ ದಿನದಂತೆ ಅದು ಬರುತ್ತಲೇ ಇತ್ತು. ಇದೆಲ್ಲ ತನ್ನ ಕೈಯಿಂದಲೇ ಬರುತ್ತಿದೆಯೆಂದು ನಂಬಲಾಗದೆ ಅವಳು ತನ್ನ ಬರಿಗೈಯನ್ನೇ ನೋಡುತ್ತ ನಿಂತಳು.

"ಏನ್ಬೇ, ನಿನ್ನ ಕೈಗೂ ಬಾಯಿ ಬಂತು!" ಎಂದಳು ಜೈನಾಬೀ.

ಸಂಜೆ ಮನೆಯಲ್ಲಿ ಕನಕಮ್ಮ ಜಂತಿಯ ಬುರುಡೆ ಇಳಿಸಿ, ತೊಟ್ಟಿನ ಬಳಿ ಕೊರೆದು, ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟಳು. ಆಮೇಲೆ ಗೋಡೆಯ ಮಾಡದಿಂದ ಅರಿಷಿಣದ ಹಳೇ ಡಬ್ಬಿ ತೆಗೆದಳು. ಅದರಲ್ಲಿ ಅವಳ ತಾಳಿಯ ಕರಿಮಣಿಗಳಿದ್ದವು. ಹೊಳೆಗೆ ಬಿಡಬೇಕೆಂದು ಅತ್ತೆ ಹೇಳುತ್ತಲೇ ಇದ್ದಳು, ಇವಳು ಮುಂದೂಡುತ್ತಲೇ ಇದ್ದಳು. ಯಾಕೆಂದು ಈವರೆಗೆ ಅವಳಿಗೂ ತಿಳಿದಿರಲಿಲ್ಲ.

"ಏನ್ ಮಾಡಾಕತ್ತೀಯೇ ಅಲ್ಲಿ?" ಅತ್ತೆ ಪಡಸಾಲೆಯಿಂದ ಕೇಳಿದಳು.

ಕನಕಮ್ಮ ಹೆಬ್ಬೆರಳಿಗೆ ದಾರ ಸಿಗಿಸಿ ಮೊದಲ ಕರಿಮಣಿ ಪೋಣಿಸಿದಳು.

"ನೆಲುವು ಹಾಕಾಕತ್ತೀನಿ ಅತ್ತಿ," ಎಂದಳು.