ಮರ ಕುಡಿದ ನೀರು

ಮೂವತ್ತು ವರ್ಷದಿಂದ ಪ್ಲಂಬರ್ ನಾನು. ನೀರು ಎಲ್ಲಿಗೆ ಹೋಗುತ್ತೆ ಅಂತ ಕಂಡುಹಿಡಿಯೋದೇ ನನ್ನ ಹೊಟ್ಟೆಪಾಡು. "ಗೋಡೆ ತನ್ನಷ್ಟಕ್ಕೆ ತಾನೇ ಒದ್ದೆಯಾಗ್ತಿದೆ" ಅಂತ ಜನ ಕರೀತಾರೆ. ಗೋಡೆಗೇನು ಬೆವರು ಬರುತ್ತಾ ಅಂತ ಬೈಕೊಂಡೇ ಹೋಗ್ತೀನಿ. ಮಂಡಿಯೂರಿ ಅಂಗೈ ಇಟ್ಟು ನೋಡಿದರೆ ಐದು ನಿಮಿಷದಲ್ಲಿ ಸೋರಿಕೆ ಸಿಗುತ್ತೆ. ಇಂಥವನು ನನ್ನ ಮನೆಯಲ್ಲೇ ಆರು ವಾರ ಕಣ್ಣಿದ್ದೂ ಕುರುಡನಾಗಿದ್ದೆ.

ನನ್ನ ಹೆಂಡತಿಗೆ ಹೂವಿನ ಅಂಗಡಿ. ಪ್ಲಾಸ್ಟಿಕ್ ಕ್ರಿಸ್‌ಮಸ್ ಮರ ಅಂದರೆ ಅವಳಿಗೆ ಮೈಯೆಲ್ಲ ಉರಿ. ಪ್ರತಿ ವರ್ಷ ನಿಜವಾದ ಮರವೇ ಬರಬೇಕು, ನನ್ನ ತಲೆಗಿಂತ ಒಂದು ಮೊಳ ಎತ್ತರ ಇರಬೇಕು. ಬಂದ ತಕ್ಷಣ ಕಾಂಡದ ಬುಡದಿಂದ ಎರಡು ಬೆರಳು ದಪ್ಪ ಕೊಯ್ದು ತೆಗೀಬೇಕು, ಇಲ್ಲದಿದ್ದರೆ ಹಳೇ ಗಾಯದ ಮೇಲೆ ಅಂಟು ಗಟ್ಟಿಯಾಗಿ ಮರ ನೀರು ಎಳೆಯೋದಿಲ್ಲ. ಹೀಟರ್ ಪಕ್ಕ ಇಡಬಾರದು. ಮರ ನಿಲ್ಲಿಸೋ ತಗಡಿನ ತೊಟ್ಟಿಯಲ್ಲಿ ನೀರು ಒಂದು ದಿನವೂ ಆರಬಾರದು. ಆ ತೊಟ್ಟಿ ನಾನೇ ಬೆಸುಗೆ ಹಾಕಿ ಮಾಡಿದ್ದು, ಮದುವೆಯಾದ ವರ್ಷ.

"ಮರಾನ ಕಡಿದಾಗಿದೆ ಕಣ್ರೀ," ಅನ್ನೋಳು. "ಆದ್ರೆ ಅದಕ್ಕಿನ್ನೂ ಗೊತ್ತಾಗಿಲ್ಲ. ಗೊತ್ತಾಗದ ಹಾಗೆ ನೋಡ್ಕೊಳ್ಳೋದಷ್ಟೇ ನಮ್ಮ ಕೆಲಸ."

ಈ ಸಲ ಮರ ಬಂದ ದಿನವೇ ಅವಳನ್ನ ಆಸ್ಪತ್ರೆಗೆ ಸೇರಿಸಿದ್ವಿ. ಹೊಟ್ಟೆಯಲ್ಲಿ ಗಡ್ಡೆ. "ಚೆನ್ನಾಗಿ ತಿಂದು ಮೈಗೆ ಬಲ ಬರಲಿ, ಆಮೇಲೆ ಆಪರೇಷನ್" ಅಂದ್ರು ಡಾಕ್ಟರು. ಮರ ಮೂರು ದಿನ ಹಿತ್ತಲಲ್ಲಿ ಬಿದ್ದಿತ್ತು. ನಾಲ್ಕನೇ ದಿನ ಮಗಳೂ ನಾನೂ ಸೇರಿ ಎತ್ತಿ ನಿಲ್ಲಿಸಿ, ತೊಟ್ಟಿಗೆ ನೀರು ತುಂಬಿ, ದೀಪ, ಗಾಜಿನ ಗುಂಡು, ಎಲ್ಲ ಕಟ್ಟಿದ್ವಿ.

ಸಂಜೆ ಆಸ್ಪತ್ರೆಗೆ ಹೋದರೆ ಅವಳ ಮೊದಲನೇ ಪ್ರಶ್ನೆ: "ಬುಡ ಕೊಯ್ದ್ರಾ?"

ಅಯ್ಯೋ, ಮರೆತೇ ಬಿಟ್ಟಿದ್ದೆ! "ಹ್ಞೂಂ, ಕೊಯ್ದೆ" ಅಂದೆ.

ಮನೆಗೆ ಬಂದು ಗರಗಸ ಹಿಡಿದು ಮರದ ಮುಂದೆ ನಿಂತೆ. ಕಟ್ಟಿದ್ದೆಲ್ಲ ಬಿಚ್ಚಬೇಕಲ್ಲಪ್ಪಾ ಅನ್ನಿಸ್ತು. ಬಗ್ಗಿ ನೋಡಿದರೆ ತೊಟ್ಟಿಯಲ್ಲಿ ನೀರು ಅರ್ಧ ಇಳಿದಿತ್ತು. ಕುಡೀತಿದೆ! ಗರಗಸ ಒಳಗಿಟ್ಟೆ. ಅವತ್ತಿನಿಂದ ದಿನಾ ಬೆಳಗ್ಗೆ ತೊಟ್ಟಿ ಖಾಲಿ, ದಿನಾ ಒಂದು ಜಗ್ ನೀರು.

ಸಂಜೆ ಆರಕ್ಕೆ ಕೆಲಸದ ಬ್ಯಾಗು ಹೆಗಲಿಗೆ ಹಾಕ್ಕೊಂಡೇ ವಾರ್ಡಿಗೆ ಹೋಗ್ತಿದ್ದೆ. ಅವಳ ಸೂಪಿನ ಬಟ್ಟಲು ಅಷ್ಟೊತ್ತಿಗೆ ಖಾಲಿ. ಅದನ್ನ ಬೋರಲು ಹಾಕಿ ತೋರಿಸೋಳು.

"ನಿಮ್ಮ ಮರ?"

"ಒಂದು ಜಗ್."

"ನಾನು ಒಂದು ಬಟ್ಟಲು. ಮರಾನೇ ಗೆಲ್ತಾ ಇದೆ ನೋಡಿ." ಇಬ್ಬರೂ ನಗ್ತಿದ್ವಿ. ಮರ ಹಸಿರಾಗಿ ಇರುವಾಗಲೇ ಇವಳು ಮನೆಗೆ ಬಂದುಬಿಟ್ಟರೆ ಸಾಕು ಅಂತ ನಾನು ಮನಸ್ಸಲ್ಲೇ ಗಂಟು ಹಾಕ್ಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.

ಹಬ್ಬ ಬಂತು, ಹೋಯ್ತು. "ಇನ್ನೂ ಬಲ ಬಂದಿಲ್ಲ, ಮುಂದಿನ ವಾರ ನೋಡೋಣ" ಅಂದ್ರು ಡಾಕ್ಟರು. ನಾನು ಕೂಗಾಡಿದೆ. ದಿನಾ ಬಟ್ಟಲು ಖಾಲಿ ಮಾಡ್ತಾಳೆ, ಬಲ ಬರದೆ ಎಲ್ಲಿಗೆ ಹೋಗುತ್ತೆ, ನಿಮ್ಮ ತೂಕದ ಯಂತ್ರ ಕೆಟ್ಟಿರಬೇಕು ಅಂದೆ. ಆ ಡಾಕ್ಟರು ಪಾಪ, ಮಗಳ ವಯಸ್ಸಿನವಳು, ಯಂತ್ರ ಬದಲಾಯಿಸಿಯೂ ನೋಡಿದಳು.

ಮನೆಯಲ್ಲಿ ಮಗಳು ಸೂಜಿ ಎಲೆ ಗುಡಿಸ್ತಿದ್ದಳು. ಮೊದಲು ಒಂದು ಹಿಡಿ, ಆಮೇಲೆ ಒಂದು ಮೊರ.

"ಅಪ್ಪಾ, ಮರ ಒಣಗ್ತಿದೆ."

"ಬಾಯಿ ಮುಚ್ಚು! ಒಣಗಿದ ಮರ ದಿನಾ ಒಂದು ಜಗ್ ನೀರು ಕುಡಿಯುತ್ತಾ?"

ಅವಳು ಪೊರಕೆ ಎತ್ತಿಕೊಂಡು ಒಳಗೆ ಹೋದಳು.

ಐದನೇ ವಾರ ಹೆಂಡತಿ ಒಂದು ಆಸೆ ಹೇಳಿದಳು. "ನಮ್ಮ ಮರದ್ದು ಒಂದು ಸಣ್ಣ ರೆಂಬೆ ತಂದ್ಕೊಡ್ರೀ. ವಾಸನೆ ನೋಡ್ಬೇಕು." ಬೆಳಗ್ಗೆ ರೆಂಬೆ ಮುಟ್ಟಿದೆ, ಎಲೆಯೆಲ್ಲ ಜರ್ರಂತ ಉದುರಿ ಕೈಯಲ್ಲಿ ಬರೀ ಕಡ್ಡಿ ಉಳೀತು. ಸೀದಾ ಬೀದಿ ಕೊನೆಯ ಬ್ಯಾಂಕಿಗೆ ಹೋಗಿ, ಬಾಗಿಲ ಪಕ್ಕ ಬೆಳೆದು ನಿಂತಿದ್ದ, ನಮ್ಮ ಮರದ ಹಾಗೇ ಸೂಜಿ ಎಲೆಯ ಗಿಡದಿಂದ ಒಂದು ರೆಂಬೆ ಮುರಿದೆ. ಕಾವಲುಗಾರ "ಏಯ್!" ಅಂತ ಅಟ್ಟಿಸಿಕೊಂಡು ಬಂದ. ಐವತ್ತೆಂಟು ವಯಸ್ಸು, ಮೊಣಕಾಲು ನೋವು ಬೇರೆ, ಬಿದ್ದೆನೋ ಎದ್ದೆನೋ ಅಂತ ಓಡಿದೆ.

ಅವಳು ರೆಂಬೆ ಮೂಗಿಗಿಟ್ಟು, ತುಂಬಾ ಹೊತ್ತು ನನ್ನ ಮುಖ ನೋಡಿದಳು. "ತಾಜಾ ಇದೆ ಕಣ್ರೀ," ಅಂದಳು. ದಿಂಬಿನ ಕೆಳಗೆ ಇಟ್ಟುಕೊಂಡಳು.

ಅದಾಗಿ ಆರು ದಿನಕ್ಕೆ ಹೋಗಿಬಿಟ್ಟಳು. ಮಧ್ಯಾಹ್ನ, ನಾನು ಯಾರದೋ ಅಡುಗೆಮನೆ ಸಿಂಕಿನ ಕೆಳಗೆ ಮಲಗಿ ಪೈಪು ಬಿಗಿ ಮಾಡ್ತಿದ್ದಾಗ.

ಮೂರು ದಿನ ಬಿಟ್ಟು ಅವಳ ಬ್ಯಾಗು ತರೋಕೆ ವಾರ್ಡಿಗೆ ಹೋದೆ. ಪಕ್ಕದ ಮಂಚದ ಅಜ್ಜಿ ನನ್ನ ಕೈ ಹಿಡ್ಕೊಂಡು ಅತ್ತಳು. "ಪುಣ್ಯಾತ್ಗಿತ್ತಿ ಕಣಪ್ಪಾ ನಿನ್ನ ಹೆಂಡ್ತಿ. ದಿನಾ ಅವಳ ಸೂಪು ನನಗೇ ಕೊಡೋಳು. ಗಂಟಲಲ್ಲಿ ಇಳೀತಾನೇ ಇರ್ಲಿಲ್ಲ ಅವಳಿಗೆ. 'ಬೇಗ ಕುಡೀರಿ ಅಜ್ಜಿ, ಅವರು ಬರೋ ಹೊತ್ತಿಗೆ ಖಾಲಿ ಇರ್ಬೇಕು' ಅನ್ನೋಳು."

ಅಜ್ಜಿ ತಾನು ಎತ್ತಿಟ್ಟಿದ್ದ ಆ ರೆಂಬೆ ತೆಗೆದು ಕೊಟ್ಟಳು. "ಇದು ಬೇರೆ ಜಾತಿದಂತೆ. 'ನಮ್ಮವ್ರಿಗೆ ಗೊತ್ತೇ ಆಗಿಲ್ಲ, ಎಲ್ಲಿ ಕದ್ರೋ ಏನೋ' ಅಂತ ಒಬ್ಬಳೇ ನಗ್ತಿದ್ಲು."

ಬಾಗಿಲ ಹತ್ತಿರ ನರ್ಸಮ್ಮ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿರಬೇಕು. "ಯಾರಾದ್ರೂ ಹೇಳಿದ್ದಿದ್ರೆ ಮೂಗಲ್ಲಿ ನಳಿಕೆ ಹಾಕಿ ಊಟ ಕೊಡ್ತಿದ್ವಿ" ಅಂದಳು. ನಳಿಕೆಯಂತೆ! ನಳಿಕೆ ಕೂಡಿಸೋದೇ ಬದುಕಾದವನಿಗೆ ಹೇಳ್ತಾಳೆ. ಬಟ್ಟಲು ಖಾಲಿಯಾಗಿದ್ದು ನೋಡಿದೆ, ಎಲ್ಲಿಗೆ ಹೋಯ್ತು ಅಂತ ಕೇಳಲಿಲ್ಲ. ನನ್ನ ಬಾಳಿನ ಪಾಪ ಇದೊಂದೇ ಸಾಕು.

ಮನೆಗೆ ಬಂದು ಚಪ್ಪಲಿಯನ್ನೂ ಬಿಡಲಿಲ್ಲ. ಮರದ ಮುಂದೆ ಮಂಡಿಯೂರಿದೆ, ಕಂಡವರ ಮನೆಯಲ್ಲೆಲ್ಲ ಊರೋ ಹಾಗೆ. ತೊಟ್ಟಿಯ ಕೆಳಗೆ ಹಾಸಿದ್ದ ಚಾಪೆ ಸರಿಸಿ ಅಂಗೈ ಇಟ್ಟೆ. ನೆಲದ ಹಲಗೆ ಮೆತ್ತಗೆ ಕೊಳೆತು ಕಪ್ಪಾಗಿತ್ತು. ನನ್ನದೇ ಬೆಸುಗೆ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು. ಆರು ವಾರದ ನೀರೆಲ್ಲ ಹಲಗೆ ಸಂದಿಯಲ್ಲಿ ಇಳಿದುಹೋಗಿತ್ತು. ಮರ ಕೆಡವಿ ಬುಡ ನೋಡಿದೆ. ಅಂಟು ಗಾಜಿನ ಹಾಗೆ ಗಟ್ಟಿಯಾಗಿತ್ತು. ಒಂದು ತೊಟ್ಟೂ ಕುಡಿದಿರಲಿಲ್ಲ.

ಮಗಳು ಬಾಗಿಲಲ್ಲಿ ನಿಂತಿದ್ದಳು.

"ಗೊತ್ತಿತ್ತಾ ನಿಂಗೆ?"

"ಮೊದಲನೇ ವಾರಾನೇ ಗೊತ್ತಾಯ್ತಪ್ಪಾ. ಗುಡಿಸುವಾಗ ಚಾಪೆ ಒದ್ದೆ ಇತ್ತು."

"ಹೇಳೋಕೇನಾಗಿತ್ತು ನಿಂಗೆ, ದರಿದ್ರದವಳೇ!" ಕೂಗಿಬಿಟ್ಟೆ. ಅಷ್ಟು ಜೋರಾಗಿ ಅವಳ ಮೇಲೆ ಯಾವತ್ತೂ ಕೂಗಿರಲಿಲ್ಲ.

ಅವಳು ಬಂದು ಪಕ್ಕದಲ್ಲಿ, ಒದ್ದೆ ಹಲಗೆ ಮೇಲೇ ಕೂತಳು. "ಹೇಳಿದ್ರೆ ಸಂಜೆ ಹೋಗಿ ಅಮ್ಮಂಗೆ ಏನಂತ ಹೇಳ್ತಿದ್ದೆ ನೀನು?"